ಸೋತವರೂ ಎದ್ದು ಹೋಗದ ಆಟ

ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಊಟವಾದ ಮೇಲೆ ಟಿವಿ ಹಾಕುವುದಿಲ್ಲ. ಆಟ ಆಡುತ್ತೇವೆ. ಕೂರುವವರು ಏಳು ಜನ: 78 ವರ್ಷದ ನಮ್ಮತ್ತೆ, ನಮ್ಮವರು, ನಾನು, ಪಿಯುಸಿ ಓದುವ ಮಗಳು, ಮೂರನೇ ಕ್ಲಾಸಿನ ಮಗ, ಮಹಡಿ ಮೇಲಿರುವ ಮೈದುನ, ಓರಗಿತ್ತಿ. ಇಷ್ಟು ಜನಕ್ಕೂ ಒಂದೇ ಸಿನಿಮಾ ಹಿಡಿಸುವುದಿಲ್ಲ, ಒಂದೇ ಪಲ್ಯ ಹಿಡಿಸುವುದಿಲ್ಲ. ಅಂಥದ್ದರಲ್ಲಿ ಎಲ್ಲರೂ ಖುಷಿಯಾಗಿ ಕೂರುವ ಆಟ ಹೇಗೆ ಹೊಂದಿಸುತ್ತೀರಿ ಎಂದು ಸ್ಟಾಫ್ ರೂಮಿನಲ್ಲಿ ಗೆಳತಿಯರು ಕೇಳುತ್ತಾರೆ. ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಆಟವನ್ನೂ ನಾನು ಸ್ವಲ್ಪ ಲೆಕ್ಕದ ಕಣ್ಣಿನಿಂದಲೇ ನೋಡುತ್ತೇನೆ.

ನನಗೆ ಕಂಡಂತೆ ಮನೆಯ ಆಟ ಕೆಡುವುದಕ್ಕೆ ಸೋಲು ಕಾರಣವಲ್ಲ. ಸೋತರೂ ಮಕ್ಕಳು ‘ಇನ್ನೊಂದ್ಸಲ’ ಅನ್ನುತ್ತಾರೆ. ಆಟ ಕೆಡುವುದು ಎರಡೇ ಕಡೆ. ಒಂದು, ತನ್ನ ಸರದಿಗಾಗಿ ಸುಮ್ಮನೆ ಕಾಯುತ್ತಾ ಕೂರಬೇಕಾದಾಗ. ಇನ್ನೊಂದು, ಆಟ ಅರ್ಧವೂ ಆಗಿಲ್ಲ, ಇನ್ನು ತಾನು ಗೆಲ್ಲುವ ಮಾತೇ ಇಲ್ಲ ಅಂತ ಒಬ್ಬರಿಗೆ ಗೊತ್ತಾಗಿಬಿಟ್ಟಾಗ. ಈ ಎರಡೂ ಇಲ್ಲದ ಆಟ ಯಾವುದಾದರೂ ಸರಿ, ಅಜ್ಜಿಯೂ ಮೊಮ್ಮಗನೂ ಒಟ್ಟಿಗೆ ಆಡಬಹುದು.

ಇದಕ್ಕೆ ತೀರ ಉಲ್ಟಾ ಇರುವ ಆಟವೊಂದು ಎಷ್ಟೋ ಮನೆಗಳ ಅಟ್ಟದ ಮೇಲಿದೆ. ನಾವೆಲ್ಲ ಚಿಕ್ಕಂದಿನಲ್ಲಿ ‘ಬಿಸಿನೆಸ್’ ಅಂತ ಆಡುತ್ತಿದ್ದೆವಲ್ಲ, ಮುಂಬೈ, ದೆಹಲಿ ಅಂತ ಊರುಗಳನ್ನು ಕೊಂಡು ಬಾಡಿಗೆ ವಸೂಲಿ ಮಾಡುವುದು, ಅದೇ. ಅದರ ಮೂಲ ಅಮೆರಿಕದ ‘ಮೊನಾಪಲಿ’. ಪಾರ್ಕರ್ ಬ್ರದರ್ಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1935ರಲ್ಲಿ. ಆದರೆ ಅದಕ್ಕೂ ಮೊದಲೇ, 1904ರಲ್ಲಿ, ಲಿಜ್ಜಿ ಮಗೀ ಎಂಬ ಹೆಂಗಸು ‘ದ ಲ್ಯಾಂಡ್‌ಲಾರ್ಡ್ಸ್ ಗೇಮ್’ ಎಂಬ ಇಂಥದೇ ಆಟಕ್ಕೆ ಪೇಟೆಂಟ್ ಪಡೆದಿದ್ದರು. ಭೂಮಿಯೆಲ್ಲ ಒಬ್ಬನ ಕೈಗೆ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂದು ಜನರಿಗೆ ಮನದಟ್ಟಾಗಲಿ ಎಂಬುದೇ ಆಕೆಯ ಉದ್ದೇಶ. ಮೊದಲು ಒಂದಷ್ಟು ಜಾಗ ಸಿಕ್ಕವನು ಬೆಳೆಯುತ್ತಲೇ ಹೋಗುತ್ತಾನೆ, ಉಳಿದವರು ಒಬ್ಬೊಬ್ಬರಾಗಿ ದಿವಾಳಿಯಾಗಿ ಆಚೆ ಕೂರುತ್ತಾರೆ. ಆಟ ತನ್ನ ಪಾಠವನ್ನು ಚೆನ್ನಾಗಿಯೇ ಹೇಳುತ್ತದೆ. ಆದರೆ ಎಂಟು ವರ್ಷದ ಹುಡುಗ ಒಂಬತ್ತು ಗಂಟೆಗೆ ದಿವಾಳಿಯಾಗಿ, ಅಕ್ಕನೂ ಚಿಕ್ಕಪ್ಪನೂ ಹತ್ತೂವರೆವರೆಗೆ ನೋಟು ಎಣಿಸುವುದನ್ನು ನೋಡುತ್ತಾ ಕೂರಬೇಕೆಂದರೆ ಅದು ಮನೆಯ ಆಟವಲ್ಲ. ಬೇಸಿಗೆ ರಜೆಯಲ್ಲಿ ಒಂದೇ ವಯಸ್ಸಿನ ನಾಲ್ಕು ಮಕ್ಕಳು ಸೇರಿದಾಗ ಆಡಲಿ, ಚೆನ್ನಾಗಿರುತ್ತದೆ.

ಲೂಡೋ ಅಷ್ಟು ನಿರ್ದಯಿ ಅಲ್ಲ. ನಮ್ಮ ಪಚೀಸಿಯನ್ನೇ ಸರಳ ಮಾಡಿ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿದ ಆಟ ಅದು. ತೊಂದರೆ ಇರುವುದು ಬಾಗಿಲಲ್ಲೇ. ಆರು ಬೀಳದೆ ಕಾಯಿ ಹೊರಗೆ ಬರುವ ಹಾಗಿಲ್ಲ. ಲೆಕ್ಕ ಹಾಕಿ ನೋಡಿ: ಐದು ಸಲ ದಾಳ ಹಾಕಿದರೂ ಒಂದೇ ಒಂದು ಆರು ಬೀಳದಿರುವ ಸಂಭವ ನೂರಕ್ಕೆ 40. ಅಂದರೆ ಪ್ರತಿ ಐದು ಮಕ್ಕಳಲ್ಲಿ ಇಬ್ಬರು ಐದು ಸುತ್ತು ಬರೀ ದಾಳ ಉರುಳಿಸಿ ಪಕ್ಕದವರಿಗೆ ಕೊಡುತ್ತಿರಬೇಕು. ಒಂದು ಬಿದ್ದರೂ ಸರಿ, ಆರು ಬಿದ್ದರೂ ಸರಿ, ಕಾಯಿ ಬರಲಿ ಎಂದು ಮಾಡಿ, ಆ 40 ಎಂಬುದು 13ಕ್ಕೆ ಇಳಿಯುತ್ತದೆ. ಇಷ್ಟು ಸಣ್ಣ ಬದಲಾವಣೆಯಿಂದ ಆಟದ ಕಳೆಯೇ ಬೇರೆಯಾಗುತ್ತದೆ. ಡಬ್ಬಿಯ ಮೇಲೆ ಅಚ್ಚಾದ ನಿಯಮವನ್ನು ಮುಟ್ಟಬಾರದು ಅಂತ ಯಾರೂ ಹೇಳಿಲ್ಲ. ಮುಟ್ಟುವುದಾದರೆ ಆಟ ಶುರುವಾಗುವ ಮೊದಲು ಮುಟ್ಟಬೇಕು, ನಡುವೆ ಅಲ್ಲ, ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಹೆಚ್ಚು ಆಡುವ ಆಟಕ್ಕೆ ಬರುತ್ತೇನೆ. ಚೌಕಾಬಾರ.

ಗೊತ್ತಿಲ್ಲದವರಿಗಾಗಿ ಬಿಡಿಸಿ ಹೇಳುತ್ತೇನೆ. ಐದು ಸಾಲು, ಐದು ಕಂಬದ ಚೌಕ ಬರೆದರೆ 25 ಮನೆ. ನಾಲ್ಕೂ ಬದಿಯ ನಡುವಿನ ಮನೆಗೂ ಒಟ್ಟಾರೆ ನಡುಮನೆಗೂ ಅಡ್ಡಗೆರೆ ಹಾಕಬೇಕು. ಬದಿಯಲ್ಲಿರುವ ನಾಲ್ಕು ಒಬ್ಬೊಬ್ಬರ ಕಟ್ಟೆ. ಎದುರಾಳಿಯ ಕಾಯಿ ಇರುವ ಮನೆಗೇ ನಿಮ್ಮ ಕಾಯಿ ಬಂದರೆ ಅದನ್ನು ಕಡಿದ ಹಾಗೆ, ಅದು ತನ್ನ ಕಟ್ಟೆಗೆ ವಾಪಸು ಹೋಗಬೇಕು. ಕಟ್ಟೆಯ ಮೇಲಿರುವ ಕಾಯಿಯನ್ನು ಮಾತ್ರ ಯಾರೂ ಕಡಿಯುವ ಹಾಗಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆ ಹಾಕುವುದು. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತದೋ ಅಷ್ಟು ಗರ. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಭಾರ, ಎಂಟು ಮನೆ. ಚೌಕವೋ ಭಾರವೋ ಬಿದ್ದರೆ ಇನ್ನೊಂದು ಸಲ ಹಾಕಬಹುದು. ಕಾಯಿ ಹೊರಸುತ್ತನ್ನು ಅಪ್ರದಕ್ಷಿಣವಾಗಿ ಸುತ್ತಿ, ಒಳಸುತ್ತನ್ನು ಪ್ರದಕ್ಷಿಣವಾಗಿ ಸುತ್ತಿ, ನಡುಮನೆ ಸೇರಿದರೆ ಹಣ್ಣಾದ ಹಾಗೆ. ಕಟ್ಟೆಯಿಂದ ಹಣ್ಣಾಗುವವರೆಗೆ 24 ಹೆಜ್ಜೆ.

ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ 16 ಸಲಕ್ಕೆ ಒಂದು ಸಲ ಚೌಕ, ಒಂದು ಸಲ ಭಾರ. ಉಳಿದ 14ರಲ್ಲಿ ಎರಡು ಬೀಳುವುದೇ ಹೆಚ್ಚು, 6 ಸಲ. ಸರಾಸರಿ ಗರ ಎರಡೂವರೆ. ನಿಜವಾದ ಕವಡೆ ಇಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ, ಒಂದೊಂದರ ಬೆನ್ನೂ ಒಂದೊಂದು ಥರ. ಎಂಟನೇ ಕ್ಲಾಸಿನ ಮಕ್ಕಳಿಗೆ ಸಂಭವನೀಯತೆ ಹೇಳುವಾಗ ಕವಡೆ ಕೊಟ್ಟು ಹಾಕಿಸುತ್ತೇನೆ. ಪುಸ್ತಕದ ಲೆಕ್ಕ ಒಂದು, ಕೈಯಲ್ಲಿ ಬಿದ್ದದ್ದು ಇನ್ನೊಂದು ಆದಾಗ ಅವರ ಮುಖ ನೋಡಬೇಕು.

ಈ ಆಟದಲ್ಲಿ ನನಗೆ ತುಂಬ ಮೆಚ್ಚಿಗೆಯಾದ ನಿಯಮ ಇನ್ನೂ ಹೇಳಿಲ್ಲ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ನಿಮ್ಮ ಕಾಯಿ ಒಳಸುತ್ತಿಗೆ ಹೋಗುವ ಹಾಗಿಲ್ಲ. ಎಷ್ಟು ಮುಂದಿದ್ದರೂ ಹೊರಗೇ ಇರಬೇಕು. ಇದರಿಂದ ಏನಾಗುತ್ತದೆ ಎಂದರೆ, ‘ಪಾಪ, ಚಿಕ್ಕವನು’ ಎಂದು ಬಿಡುವುದಕ್ಕೆ ಯಾರಿಗೂ ಅವಕಾಶವಿಲ್ಲ. ಅಜ್ಜಿ ಮೊಮ್ಮಗನ ಕಾಯಿ ಕಡಿಯಲೇಬೇಕು, ಸೊಸೆ ಅತ್ತೆಯ ಕಾಯಿ ಕಡಿಯಲೇಬೇಕು. ಕಡಿದವರ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣವೇ ಇರುವುದಿಲ್ಲ, ಏಕೆಂದರೆ ನಾಳೆ ತಾನೂ ಅದನ್ನೇ ಮಾಡಬೇಕು. ಹಿಂದೆ ಬಿದ್ದವನಿಗೂ ಕೊನೆಯವರೆಗೆ ಆಸೆ ಇರುತ್ತದೆ. ಮುಂದಿದ್ದವನ ಕಾಯಿ ಹಣ್ಣಾಗಲು ಇನ್ನೆರಡೇ ಹೆಜ್ಜೆ ಇರುವಾಗ ಒಂದು ಭಾರ ಬಿದ್ದು ಅದು ಮೊದಲ ಕಟ್ಟೆಗೆ ವಾಪಸು ಹೋದದ್ದನ್ನು ಎಷ್ಟು ಸಲ ನೋಡಿಲ್ಲ!

ನಮ್ಮತ್ತೆಗೆ ಈಗ ಕಣ್ಣು ಮಂಜು. ಇಸ್ಪೀಟಿನ ಎಲೆ ಗುರುತು ಹತ್ತುವುದಿಲ್ಲ, ಕೇರಂ ಹೊಡೆಯಲು ಬಗ್ಗಲಾಗುವುದಿಲ್ಲ. ಆದರೆ ಕವಡೆ ಬಿದ್ದ ಕೂಡಲೇ ಹೆಬ್ಬೆರಳಿನ ಪಕ್ಕದ ಬೆರಳನ್ನು ಒಂದೊಂದರ ಮೇಲೂ ಹಗುರವಾಗಿ ಆಡಿಸುತ್ತಾರೆ. ಹಲ್ಲುಹಲ್ಲಾದ ಸೀಳು ತಗಲಿದರೆ ಬಾಯಿ, ನುಣ್ಣಗೆ ತಗಲಿದರೆ ಬೆನ್ನು. ನಾವು ಕಣ್ಣಿನಿಂದ ಎಣಿಸುವ ಮೊದಲೇ ಅವರ ಬಾಯಲ್ಲಿ ‘ಮೂರು’ ಬಂದಿರುತ್ತದೆ. ಏಳು ಜನ ಇರುವುದರಿಂದ ಜೋಡಿ ಮಾಡಿಕೊಳ್ಳುತ್ತೇವೆ. ಅತ್ತೆಗೂ ನನ್ನ ಮಗನಿಗೂ ಜೋಡಿ. ಅವನು ಮನೆ ಎಣಿಸಿ ಕಾಯಿ ನಡೆಸುತ್ತಾನೆ, ಯಾವ ಕಾಯಿ ಅಂತ ಹೇಳುವುದು ಅವರು. ಕೆ.ಆರ್. ಪೇಟೆ ಕಡೆಯ ಹಳ್ಳಿಯಲ್ಲಿ ಹುಟ್ಟಿದವರು. ‘ಏ ಮಗಾ, ನಿಮ್ಮಪ್ಪನ್ ಕಾಯಿ ಎಲ್ಲೈತೆ ನೋಡು, ಮೂರಕ್ಕೈತಾ? ಬುಡ್ಬೇಡ, ಕಡ್ದಾಕು’ ಅನ್ನುತ್ತಾರೆ. ನಮ್ಮವರು ‘ಅವ್ವಾ, ನಾನು ನಿನ್ ಮಗ ಕಣವ್ವಾ’ ಅಂದರೆ, ‘ಆಟ್ದಾಗೆ ಮಗನೂ ಇಲ್ಲ ಗಿಗನೂ ಇಲ್ಲ’ ಅಂತ ಉತ್ತರ.

ಮನೆಮಂದಿ ರಾತ್ರಿ ಸೇರಿ ಆಡುವುದು ನಮಗೇನು ಹೊಸತಲ್ಲ. ಶಿವರಾತ್ರಿ ಜಾಗರಣೆ ಮತ್ತೇನು? ಉಪವಾಸವಿದ್ದವರಿಗೆ ನಿದ್ದೆ ಬರಬಾರದು ಎಂದು ಪಗಡೆ, ಚೌಕಾಬಾರ ಹಾಸಿಕೊಂಡು ಬೆಳಗಿನವರೆಗೆ ಕೂರುತ್ತಿದ್ದರು. ಹಂಪಿಯ ಗುಡಿ ಮಂಟಪಗಳ ಹಾಸುಗಲ್ಲಿನ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿರುವುದು ಇವತ್ತಿಗೂ ಕಾಣುತ್ತದೆ. ನಮ್ಮೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟವೆಂದರೆ ಪ್ರಾಣ ಬಿಡುತ್ತಿದ್ದವರು. ಚದುರಂಗದ ಕುದುರೆ ನಡೆಯ ಸಮಸ್ಯೆಗಳನ್ನು ಬಿಡಿಸಿದರು, ತಾವೇ ಹೊಸ ಆಟಗಳನ್ನೂ ಗಂಜೀಫಾ ಎಲೆಗಳನ್ನೂ ರೂಪಿಸಿದರು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆ ಆಟದ ಪಟಗಳನ್ನು ಬರೆಸಿದ್ದಾರೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಹಳೆಯ ಮಣೆಯಾಟಗಳ ಪ್ರದರ್ಶನ ನಡೆಸುತ್ತಾ ಬಂದಿದ್ದಾರೆ. ನೇಯ್ದ ಪಗಡೆ ಹಾಸು, ಕೆತ್ತಿದ ಅಳಗುಳಿಮಣೆ, ಬಣ್ಣದ ಕಾಯಿ ಎಲ್ಲವನ್ನೂ ಅಲ್ಲಿ ನೋಡಬಹುದು, ಕೊಳ್ಳಲೂಬಹುದು. ನನ್ನ ಮಾತು ಕೇಳುವುದಾದರೆ ಶುರುವಿಗೆ ಏನೂ ಕೊಳ್ಳಬೇಡಿ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಸಾಕು. ಕಾಯಿಗೆ ಹುಣಸೆಬೀಜ, ಬಳೆಚೂರು, ಅವರೆಕಾಳು, ಅಂಗಿ ಗುಂಡಿ. ಕವಡೆ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಹುಣಸೆಬೀಜವನ್ನು ಒಂದು ಬದಿ ಕಲ್ಲಿಗೆ ಉಜ್ಜಿ ಬಿಳಿ ಮಾಡಿದರೆ ಅದೇ ಕವಡೆ.

ನನ್ನ ಮಗಳಿಗೆ ಚೌಕಾಬಾರ ಬೇಜಾರು. ಅವಳಿಗೆ ತಲೆ ಓಡಿಸುವ ಆಟ ಬೇಕು, ಮಾತಾಡುವ ಆಟ ಬೇಕು. ಅದೂ ನ್ಯಾಯವೇ. ಎಲ್ಲರಿಗೂ ಖುಷಿ ಎಂದರೆ ಎಲ್ಲ ಆಟವೂ ಎಲ್ಲರಿಗೂ ಇಷ್ಟವಾಗಬೇಕು ಅಂತಲ್ಲ. ಹಾಗಾಗಿ ಆಟ ಆರಿಸುವ ಹಕ್ಕು ವಾರಕ್ಕೊಬ್ಬರಿಗೆ. ಅವಳ ವಾರ ಬಂದರೆ ‘ಹೆಸರು, ಊರು, ಪ್ರಾಣಿ, ವಸ್ತು’. ಒಬ್ಬರು ಮನಸ್ಸಿನಲ್ಲೇ ಅಕ್ಷರಮಾಲೆ ಹೇಳಿಕೊಳ್ಳುತ್ತಾರೆ, ಇನ್ನೊಬ್ಬರು ‘ಸ್ಟಾಪ್’ ಅನ್ನುತ್ತಾರೆ, ನಿಂತ ಅಕ್ಷರದಿಂದ ಶುರುವಾಗುವ ಒಂದೊಂದು ಹೆಸರನ್ನು ಕಂಬಕಂಬವಾಗಿ ಬರೆಯಬೇಕು. ಬೇರೆಯವರು ಬರೆಯದ್ದು ಬರೆದರೆ ಹತ್ತು ಅಂಕ, ಇಬ್ಬರದೂ ಒಂದೇ ಆದರೆ ಐದೈದು.

ಈ ಆಟದ ಗುಟ್ಟೆಲ್ಲ ಇರುವುದು ಕಂಬಗಳನ್ನು ಆರಿಸುವುದರಲ್ಲಿ. ದೇಶ, ರಾಜಧಾನಿ, ಬ್ರ್ಯಾಂಡು ಅಂತ ಹಾಕಿಕೊಂಡರೆ ಮಗಳೇ ಗೆಲ್ಲುತ್ತಾಳೆ. ನಾವು ‘ಸೊಪ್ಪು’ ಎಂದು ಒಂದು ಕಂಬ ಸೇರಿಸಿದೆವು. ಅವತ್ತಿನಿಂದ ಅತ್ತೆಯನ್ನು ಹಿಡಿಯುವವರಿಲ್ಲ. ‘ಗ’ ಬಂದರೆ ಗಣಿಕೆ, ‘ಅ’ ಬಂದರೆ ಅಣ್ಣೆ, ‘ಕ’ ಬಂದರೆ ಕಿರಕೀಲೆ, ‘ಹ’ ಬಂದರೆ ಹೊನಗೊನ್ನೆ. ಅವರು ಹೇಳುತ್ತಾರೆ, ಮಗ ಬರೆಯುತ್ತಾನೆ. ನಮ್ಮ ಉಳಿದವರ ಕಾಗದದಲ್ಲಿ ಪಾಲಕ್, ಮೆಂತ್ಯ, ಕೊತ್ತಂಬರಿ ಬಿಟ್ಟರೆ ಮುಂದೆ ಖಾಲಿ. ಹೊನಗೊನ್ನೆ ಅಂತ ಒಂದು ಸೊಪ್ಪು ಇದೆಯೇ ಎಂದು ಮಗಳು ವಾದಕ್ಕೆ ನಿಂತಳು. ಮಾರನೆಯ ದಿನ ಅಜ್ಜಿ ಅವಳನ್ನು ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋಗಿ ಕಟ್ಟು ತಂದು ಸಾರು ಮಾಡಿಸಿದರು. ಮೈದುನನಿಗಾಗಿ ‘ಗಾಡಿಯ ಬಿಡಿಭಾಗ’, ಓರಗಿತ್ತಿಗಾಗಿ ‘ಮೀನು’ ಕೂಡ ಆಗಾಗ ಸೇರುತ್ತವೆ. ಪ್ರತಿಯೊಬ್ಬರಿಗೂ ತಾನು ಬಲ್ಲ ಒಂದು ಕಂಬವಾದರೂ ಇರಬೇಕು, ಅಷ್ಟು ನೋಡಿಕೊಂಡರೆ ಸಾಕು. ಠ, ಢ, ಣ ಬಂದರೆ ಬಿಟ್ಟುಬಿಡಿ.

ಓರಗಿತ್ತಿ ಪುತ್ತೂರಿನ ಕಡೆಯವಳು. ನಾವು ಅಳಗುಳಿಮಣೆ ಅನ್ನುವುದಕ್ಕೆ ಅವರು ಚೆನ್ನೆಮಣೆ ಅನ್ನುತ್ತಾರೆ: ಏಳೇಳರ ಎರಡು ಸಾಲು, 14 ಗುಳಿ, ಗುಳಿಗೆ ನಾಲ್ಕರಂತೆ ಬೀಜ. ದಾಳವಿಲ್ಲ, ಅದೃಷ್ಟವಿಲ್ಲ, ಎಣಿಕೆ ಮತ್ತು ನೆನಪೇ ಎಲ್ಲ. ಇಬ್ಬರೇ ಆಡುವುದರಿಂದ ಗುಂಪಿನ ಆಟವಲ್ಲ. ಅಡುಗೆ ಬಡಿಸುವ ಮೊದಲಿನ ಅರ್ಧ ಗಂಟೆಗೆ ಹೊಂದುತ್ತದೆ. ತುಳುನಾಡಿನ ಕೆಲವು ಮನೆಗಳಲ್ಲಿ ಅಕ್ಕತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬ ನಂಬಿಕೆ ಇದೆ ಎಂದು ಅವಳೇ ಹೇಳಿದ್ದು. ಸಿರಿ ಪಾಡ್ದನದಲ್ಲಿ ಅದರ ಕಥೆಯಿದೆ. ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು ಚೆನ್ನೆ ಆಡುತ್ತಾ ಆಡುತ್ತಾ ಮಾತಿಗೆ ಮಾತು ಬೆಳೆದು, ಅಕ್ಕ ಅದೇ ಮಣೆಯನ್ನೆತ್ತಿ ತಂಗಿಗೆ ಹೊಡೆದುಬಿಡುತ್ತಾಳೆ. ತಂಗಿ ಸಾಯುತ್ತಾಳೆ, ಅಕ್ಕ ಬಾವಿಗೆ ಹಾರುತ್ತಾಳೆ. ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ಆಟದಲ್ಲಿ ಸೋಲುವ ಸಂಕಟ ಸಣ್ಣದಲ್ಲ ಎಂಬುದು ಆ ಕಥೆ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು. ‘ಆಟ ತಾನೆ, ಅಳ್ತೀಯಾ?’ ಎಂದು ಮಕ್ಕಳನ್ನು ನಾವು ಎಷ್ಟು ಸಲೀಸಾಗಿ ಕೇಳಿಬಿಡುತ್ತೇವೆ!

ಹಾಗೆಂದು ಬೇಕೆಂದೇ ಸೋತು ಮಗುವನ್ನು ಗೆಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಏಳೆಂಟು ವರ್ಷದ ಮಗುವಿಗೆ ಅದು ತಕ್ಷಣ ಗೊತ್ತಾಗುತ್ತದೆ. ಗೊತ್ತಾದ ಮೇಲೆ ನಿಜವಾದ ಗೆಲುವನ್ನೂ ಅದು ನಂಬುವುದಿಲ್ಲ. ದೊಡ್ಡವರ ಕೈ ಮೇಲಾಗುವ ಆಟವಾದರೆ ಮೊದಲೇ ಬಹಿರಂಗವಾಗಿ ರಿಯಾಯಿತಿ ಕೊಡಿ. ಕೇರಂನಲ್ಲಿ ನಮ್ಮ ಮಗ ರಾಣಿಯನ್ನು ಹಾಕಿದರೆ ಅದರ ಹಿಂದೆ ಇನ್ನೊಂದು ಕಾಯಿ ಹಾಕಬೇಕಾಗಿಲ್ಲ. ಮೈದುನ ಎಡಗೈಯಲ್ಲೇ ಹೊಡೆಯಬೇಕು. ಇದು ಎಲ್ಲರಿಗೂ ಗೊತ್ತಿರುವ ಕರಾರು, ಆದ್ದರಿಂದ ಗೆದ್ದರೆ ಅವನದೇ ಗೆಲುವು. ಸೋತು ಕಣ್ಣೀರು ಬಂದರೆ ಒಂದು ಐದು ನಿಮಿಷ ಅವನನ್ನು ಅವನ ಪಾಡಿಗೆ ಬಿಡುತ್ತೇವೆ. ಯಾರೂ ರೇಗಿಸುವ ಹಾಗಿಲ್ಲ, ಯಾರೂ ಸಮಾಧಾನ ಮಾಡುವ ಹಾಗೂ ಇಲ್ಲ. ತಾನಾಗಿಯೇ ಬಂದು ಕೂರುತ್ತಾನೆ.

ಸೋಲಿಗಿಂತ ಮಕ್ಕಳನ್ನು ಹೆಚ್ಚು ನೋಯಿಸುವುದು ಹಿರಿಯರ ಬುದ್ಧಿಮಾತು. ‘ಅದಲ್ಲ ಕಣೋ, ಇದನ್ನು ನಡೆಸು’, ‘ಅಯ್ಯೋ, ಅಲ್ಲಿಟ್ಟರೆ ಕಡೀತಾರೆ’. ನಾಲ್ಕು ಜನ ನಾಲ್ಕು ಕಡೆಯಿಂದ ಹೇಳುತ್ತಿದ್ದರೆ ಕಾಯಿ ಮಾತ್ರ ಮಗುವಿನದು, ಆಟ ಬೇರೆಯವರದು. ಕೇಳದೆ ಹೇಳಿಕೊಟ್ಟವರು ಒಂದು ಸರದಿ ಬಿಡಬೇಕು ಎಂಬ ನಿಯಮ ನಮ್ಮಲ್ಲಿದೆ. ಹೆಚ್ಚು ಸರದಿ ಬಿಟ್ಟವರು ನಮ್ಮವರು.

ಉಳಿದದ್ದೆಲ್ಲ ಸಣ್ಣ ಏರ್ಪಾಡು. ಮೊಬೈಲುಗಳೆಲ್ಲ ಫ್ರಿಜ್ಜಿನ ಮೇಲೆ. ಬಾಯಾಡಿಸಲು ಹುರಿದ ಕಡಲೆಕಾಯಿಯೋ ಮಂಡಕ್ಕಿಯೋ ಇರಲಿ. ಬೋಂಡ, ಚಿಪ್ಸ್ ಬೇಡ, ಎಣ್ಣೆಗೈಯಲ್ಲಿ ಮುಟ್ಟಿದ ಇಸ್ಪೀಟಿನ ಎಲೆ ಒಂದಕ್ಕೊಂದು ಅಂಟಿಕೊಂಡು ಕಟ್ಟೇ ಹಾಳಾಗುತ್ತದೆ. ಹಣ ಕಟ್ಟುವುದು ಬೇಡವೇ ಬೇಡ, ಹತ್ತು ಪೈಸೆಯೂ. ಯುಗಾದಿಯ ಹೆಸರಿನಲ್ಲಿ ಆಡಿ ಮನೆ ಮುರಿದುಕೊಂಡವರನ್ನು ನಮ್ಮ ಸೀಮೆಯ ಹಳ್ಳಿಗಳಲ್ಲಿ ಕಂಡಿದ್ದೇನೆ. ಒಂದೂವರೆ ಗಂಟೆಯ ಮೇಲೆ ಎಳೆಯಬೇಡಿ. ಇನ್ನೊಂದಾಟ ಆಡೋಣ ಎಂದು ಮಕ್ಕಳು ಗೋಗರೆಯುತ್ತಿರುವಾಗಲೇ ನಿಲ್ಲಿಸಿದರೆ ಮುಂದಿನ ಶನಿವಾರ ಕರೆಯದೆಯೇ ಬಂದು ಕೂರುತ್ತಾರೆ.

ಓದುಗರಲ್ಲಿ ಒಂದು ಕೋರಿಕೆ. ಚೌಕಾಬಾರದ ನಿಯಮ ನಾನು ಹೇಳಿದ ಹಾಗೆಯೇ ಎಲ್ಲ ಕಡೆ ಇಲ್ಲ. ಕೆಲವು ಊರಿನಲ್ಲಿ ಚೌಕವೋ ಭಾರವೋ ಬೀಳದೆ ಕಾಯಿ ಕಟ್ಟೆ ಬಿಡುವುದಿಲ್ಲ, ಕೆಲವು ಕಡೆ ಜೋಡಿ ಕಾಯಿಯನ್ನು ಜೋಡಿ ಕಾಯಿಯೇ ಕಡಿಯಬೇಕು, ಕೆಲವರು ಐದರ ಬದಲು ಏಳು ಮನೆಯ ಚೌಕ ಬರೆಯುತ್ತಾರೆ. ಇದರಲ್ಲಿ ಬಹುಪಾಲು ಇನ್ನೂ ನಮ್ಮ ಅಜ್ಜಿಯರ, ಅತ್ತೆಯರ ಬಾಯಲ್ಲೇ ಇದೆ. ಈ ವಾರ ನಿಮ್ಮ ಮನೆಯ ಹಿರಿಯರ ಜೊತೆ ಒಂದಾಟ ಆಡಿ. ಆಡುತ್ತಾ ಅವರೂರಿನ ಕ್ರಮ ಕೇಳಿ, ಯಾವ ಊರು, ಯಾರು ಹೇಳಿದ್ದು ಎಂಬುದನ್ನೂ ಸೇರಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಮ್ಮತ್ತೆಯ ಕ್ರಮವನ್ನು ನನ್ನ ಮಗ ಬರೆಯಲು ಶುರುಮಾಡಿದ್ದಾನೆ.